ಕ್ಯಾಪ್ಟನ್ ಬಾಯ್ಕಾಟ್ ಮತ್ತು ನಮ್ಮ ಬಹಿಷ್ಕಾರ

ಕನ್ನಡ ಪತ್ರಿಕೆಗಳಲ್ಲಿ ‘ಬಹಿಷ್ಕಾರ’ ಎಂಬ ಪದ ಎರಡು ಬಗೆಯ ಸುದ್ದಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ರಸ್ತೆಯಿಲ್ಲ, ಕುಡಿಯುವ ನೀರಿಲ್ಲ ಎಂದು ಹಳ್ಳಿಯ ಜನ ಚುನಾವಣೆಯ ದಿನ ಮತಗಟ್ಟೆಯತ್ತ ಸುಳಿಯದೆ ಉಳಿದರೆ ಅದು ಮತದಾನ ಬಹಿಷ್ಕಾರ. ಗುಡಿಯೊಳಗೆ ಕಾಲಿಟ್ಟರೆಂದೋ ಬೇರೆ ಜಾತಿಯಲ್ಲಿ ಮದುವೆಯಾದರೆಂದೋ ಒಂದು ಮನೆಯವರಿಗೆ ಕಿರಾಣಿ ಅಂಗಡಿಯಲ್ಲಿ ಸಾಮಾನು ಕೊಡದೆ, ಹಿಟ್ಟಿನ ಗಿರಣಿಗೆ ಬಿಡದೆ, ಕೂಲಿಗೆ ಕರೆಯದೆ ಊರೇ ಮುಖ ತಿರುಗಿಸಿದರೆ ಅದು ಸಾಮಾಜಿಕ ಬಹಿಷ್ಕಾರ. ಮೊದಲನೆಯದು ಬೇರೆ ದಾರಿ ಕಾಣದ ಜನ ಆಳುವವರ ವಿರುದ್ಧ ಹೂಡುವ ಅಸ್ತ್ರ. ಎರಡನೆಯದು ಊರಿನ ಬಲಿಷ್ಠರು ಕೈಲಾಗದವರಿಗೆ ವಿಧಿಸುವ ಶಿಕ್ಷೆ. ಎರಡಕ್ಕೂ ಕನ್ನಡದಲ್ಲಿ ಹೆಸರು ಒಂದೇ. ಇಂಗ್ಲಿಷಿನಲ್ಲಿಯೂ ಒಂದೇ, ‘ಬಾಯ್ಕಾಟ್’.

ವ್ಯವಹಾರ ನಿಲ್ಲಿಸು, ಸಂಪರ್ಕ ಕಡಿದುಹಾಕು ಎಂಬ ಅರ್ಥದ ಈ ಇಂಗ್ಲಿಷ್ ಕ್ರಿಯಾಪದ ಮೂಲತಃ ಒಬ್ಬ ಮನುಷ್ಯನ ಹೆಸರು. ಲ್ಯಾಟಿನ್, ಗ್ರೀಕ್ ಧಾತುಗಳಿಂದ ಬಂದ ಪದಗಳ ಹುಟ್ಟನ್ನು ಗುರುತಿಸಲು ವಿದ್ವಾಂಸರು ಶತಮಾನಗಳನ್ನು ಜಾಲಾಡಬೇಕಾಗುತ್ತದೆ. ‘ಬಾಯ್ಕಾಟ್’ ಹಾಗಲ್ಲ. ಅದು ಹುಟ್ಟಿದ ಊರು ಗೊತ್ತು, ವರ್ಷ ಗೊತ್ತು, ಹೆಸರಿಟ್ಟವರು ಯಾರೆಂಬುದೂ ಗೊತ್ತು. ಊರು ಐರ್ಲೆಂಡಿನ ಪಶ್ಚಿಮಕ್ಕಿರುವ ಮೇಯೊ ಜಿಲ್ಲೆಯ ಒಂದು ಮೂಲೆ; ವರ್ಷ 1880.

ಆ ಕಾಲದ ಐರ್ಲೆಂಡಿನ ರೈತನ ಸ್ಥಿತಿ ಗೇಣಿಯ ಕಷ್ಟ ಕಂಡ ಯಾವ ನಾಡಿನವರಿಗೂ ಸುಲಭವಾಗಿ ಅರ್ಥವಾಗುವಂಥದು. ಭೂಮಿಯ ಬಹುಪಾಲು ಕೆಲವೇ ದೊಡ್ಡ ಜಮೀನ್ದಾರರ ಕೈಯಲ್ಲಿತ್ತು. ಅವರಲ್ಲಿ ಅನೇಕರು ತಮ್ಮ ಜಮೀನಿರುವ ಊರಿನಲ್ಲಿ ವಾಸಿಸುತ್ತಿರಲಿಲ್ಲ. ಗೇಣಿ ವಸೂಲಿಗೆ ಒಬ್ಬ ಪಾರುಪತ್ಯಗಾರನನ್ನು ಇಟ್ಟು ದೂರದಲ್ಲಿ ಇರುತ್ತಿದ್ದರು. ಗೇಣಿ ಕಟ್ಟಲಾಗದಿದ್ದರೆ ಒಕ್ಕಲೆಬ್ಬಿಸುವುದೇ ದಾರಿ. 1845ರಿಂದ 1849ರವರೆಗೆ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಬಂದ ಭೀಕರ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. ಅಷ್ಟೇ ಜನ ದೇಶ ಬಿಟ್ಟು ಹೋಗಿದ್ದರು. ಆ ನೆನಪು ಇನ್ನೂ ಹಸಿಯಾಗಿರುವಾಗಲೇ 1879ರಲ್ಲಿ ಮತ್ತೆ ಬೆಳೆ ಕೈಕೊಟ್ಟಿತು. ಅದೇ ವರ್ಷ ಅಕ್ಟೋಬರ್ 21ರಂದು ಮೇಯೊ ಜಿಲ್ಲೆಯ ಕ್ಯಾಸಲ್‌ಬಾರ್ ಪಟ್ಟಣದಲ್ಲಿ ‘ಐರಿಷ್ ನ್ಯಾಷನಲ್ ಲ್ಯಾಂಡ್ ಲೀಗ್’ ಎಂಬ ರೈತ ಸಂಘಟನೆ ಸ್ಥಾಪನೆಯಾಯಿತು. ಅದರ ಪ್ರಾಣವಾಗಿದ್ದವನು ಮೈಕೆಲ್ ಡ್ಯಾವಿಟ್. ಅವನ ನಾಲ್ಕನೆಯ ವಯಸ್ಸಿನಲ್ಲಿ ಅವನ ಕುಟುಂಬವನ್ನು ಒಕ್ಕಲೆಬ್ಬಿಸಲಾಗಿತ್ತು. ವಲಸೆ ಹೋದ ಇಂಗ್ಲೆಂಡಿನ ಹತ್ತಿ ಗಿರಣಿಯೊಂದರಲ್ಲಿ ಹನ್ನೊಂದನೆಯ ವಯಸ್ಸಿಗೆ ಅವನು ಬಲಗೈ ಕಳೆದುಕೊಂಡಿದ್ದ. ಸಂಘಟನೆಯ ಅಧ್ಯಕ್ಷ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್. ಸ್ವತಃ ಜಮೀನ್ದಾರ ಮನೆತನದವನು, ಬ್ರಿಟಿಷ್ ಸಂಸತ್ತಿನ ಸದಸ್ಯ.

ರೈತರ ಮುಂದೆ ಒಂದು ತೊಡಕಿನ ಪ್ರಶ್ನೆಯಿತ್ತು. ಒಬ್ಬನನ್ನು ಒಕ್ಕಲೆಬ್ಬಿಸಿದರೆ ಆ ಜಮೀನನ್ನು ಹಿಡಿಯಲು ಭೂಮಿಗಾಗಿ ಹಸಿದ ಇನ್ನೊಬ್ಬ ರೈತ ಸಿದ್ಧನಾಗಿರುತ್ತಿದ್ದ. ಅಂಥವನು ಇರುವವರೆಗೆ ಜಮೀನ್ದಾರನಿಗೆ ನಷ್ಟವಿಲ್ಲ. 1880ರ ಸೆಪ್ಟೆಂಬರ್ 19ರಂದು ಎನಿಸ್ ಪಟ್ಟಣದ ದೊಡ್ಡ ಸಭೆಯಲ್ಲಿ ಪಾರ್ನೆಲ್ ಇದನ್ನೇ ಕೇಳಿದ: ಹಾಗೆ ಜಮೀನು ಹಿಡಿದವನನ್ನು ಏನು ಮಾಡಬೇಕು? ಗುಂಡು ಹೊಡೆಯಬೇಕು ಎಂದು ಗುಂಪಿನಿಂದ ಕೂಗು ಬಂತು. ಅದಕ್ಕಿಂತ ಒಳ್ಳೆಯ, ಕ್ರೈಸ್ತ ಧರ್ಮಕ್ಕೆ ಒಪ್ಪುವ ದಾರಿಯೊಂದಿದೆ ಎಂದ ಪಾರ್ನೆಲ್. ರಸ್ತೆಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲಿ ಕೂಡ ಅವನಿಂದ ದೂರವಿರಿ, ಹಿಂದಿನ ಕಾಲದಲ್ಲಿ ಕುಷ್ಠರೋಗಿಯನ್ನು ದೂರವಿಡುತ್ತಿದ್ದ ಹಾಗೆ ಅವನನ್ನು ಒಂಟಿಯಾಗಿಸಿ ಎಂಬುದು ಅವನ ಸಲಹೆಯ ಸಾರಾಂಶ. ಹಿಂಸೆಯಿಲ್ಲದ ಹೋರಾಟದ ಚರಿತ್ರೆಯಲ್ಲಿ ಈ ಭಾಷಣಕ್ಕೆ ದೊಡ್ಡ ಸ್ಥಾನವಿದೆ. ಆದರೆ ಅದು ಗುರಿಯಿಟ್ಟದ್ದು ಜಮೀನ್ದಾರನ ಮೇಲಲ್ಲ, ಕಟ್ಟುಮುರಿದ ಇನ್ನೊಬ್ಬ ರೈತನ ಮೇಲೆ. ಮುಂದಿನ ಕಥೆಗೆ ಇದನ್ನು ನೆನಪಿನಲ್ಲಿಡಬೇಕು.

ಭಾಷಣವಾದ ಮೂರೇ ದಿನಕ್ಕೆ ಅದರ ಪ್ರಯೋಗ ನಡೆಯಿತು, ಅದೂ ನಿರೀಕ್ಷಿಸದ ಕಡೆ. ಲಾಕ್ ಮಾಸ್ಕ್ ಎಂಬ ಸರೋವರದ ದಡದಲ್ಲಿ ಅರ್ಲ್ ಅರ್ನ್ ಎಂಬ ಶ್ರೀಮಂತನ ಜಮೀನಿತ್ತು. ಅದರ ಪಾರುಪತ್ಯಗಾರ ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್. 1832ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವನು. ಕೆಲವು ವರ್ಷ ಸೈನ್ಯದಲ್ಲಿದ್ದು ಬಿಟ್ಟಿದ್ದ. ‘ಕ್ಯಾಪ್ಟನ್’ ಎಂಬುದು ಜನ ರೂಢಿಯಿಂದ ಕರೆಯುತ್ತಿದ್ದ ಹೆಸರೇ ಹೊರತು ಅವನು ಗಳಿಸಿದ ಹುದ್ದೆಯಲ್ಲ. ಬೆಳೆ ಕೆಟ್ಟಿದ್ದರಿಂದ ಅರ್ನ್ ಗೇಣಿಯಲ್ಲಿ ಶೇಕಡಾ 10ರಷ್ಟು ರಿಯಾಯಿತಿ ಕೊಡಲು ಒಪ್ಪಿದ್ದ. ಒಕ್ಕಲುಗಳು ಕೇಳಿದ್ದು ಶೇಕಡಾ 25. ಮಾತು ಮುರಿಯಿತು. ಬಾಯ್ಕಾಟ್ ಹನ್ನೊಂದು ಒಕ್ಕಲುಗಳನ್ನು ಬಿಡಿಸಲು ಹೊರಟ. ಸೆಪ್ಟೆಂಬರ್ 22ರಂದು ಪೊಲೀಸರ ಕಾವಲಿನಲ್ಲಿ ಕೋರ್ಟಿನ ಅಮೀನ ನೋಟಿಸು ಹಿಡಿದು ಬಂದ. ಮೂರು ಮನೆಗಳಿಗೆ ನೋಟಿಸು ಮುಟ್ಟಿಸುವಷ್ಟರಲ್ಲಿ ಊರಿನ ಹೆಂಗಸರು ಕಲ್ಲು, ಕೆಸರು, ಗೊಬ್ಬರ ತೂರಿ ಅವನನ್ನೂ ಕಾವಲಿನವರನ್ನೂ ಬಾಯ್ಕಾಟನ ಮನೆಯವರೆಗೆ ಅಟ್ಟಿದರು.

ಮರುದಿನದಿಂದ ಬೇರೆಯೇ ಬಗೆಯ ಹೋರಾಟ ಶುರುವಾಯಿತು. ಬಾಯ್ಕಾಟನ ಮನೆಯ ಆಳುಗಳು ಕೆಲಸ ಬಿಟ್ಟು ಹೊರಟರು. ಹೊಲದ ಕೂಲಿಗಳು ಬರಲಿಲ್ಲ. ಕಮ್ಮಾರ ಕುದುರೆಗೆ ಲಾಳ ಹೊಡೆಯಲೊಲ್ಲ. ಬಟ್ಟೆ ಒಗೆಯುವಾಕೆ ಬಟ್ಟೆ ಮುಟ್ಟಲೊಲ್ಲಳು. ಅಂಚೆ ತರುವ ಹುಡುಗನೂ ನಿಂತ. ಹತ್ತಿರದ ಬ್ಯಾಲಿನ್‌ರೋಬ್ ಪೇಟೆಯ ಅಂಗಡಿಗಳಲ್ಲಿ ಅವನಿಗೆ ರೊಟ್ಟಿ ಕೂಡ ಸಿಗದಂತಾಯಿತು. ಹೊಲದಲ್ಲಿ ಕಿತ್ತು ತೆಗೆಯಬೇಕಾದ ಟರ್ನಿಪ್, ಆಲೂಗಡ್ಡೆ ಮಣ್ಣಿನಲ್ಲೇ ಉಳಿದವು. ಅವನ ಮೈಮೇಲೆ ಯಾರೂ ಕೈಮಾಡಲಿಲ್ಲ. ಅವನನ್ನು ಅವನ ಪಾಡಿಗೆ ಬಿಟ್ಟರು, ಅಷ್ಟೆ.

ಕಂಗೆಟ್ಟ ಬಾಯ್ಕಾಟ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಪತ್ರ ಬರೆದ. ಅಕ್ಟೋಬರ್ 18ರಂದು ಅದು ಅಚ್ಚಾಯಿತು. ಒಂದು ಹಳ್ಳಿಯ ಗೇಣಿ ಜಗಳ ಸಾಮ್ರಾಜ್ಯದ ಮಾನದ ಪ್ರಶ್ನೆಯಾಯಿತು. ಚಂದಾ ಎತ್ತಲಾಯಿತು. ಉತ್ತರದ ಜಿಲ್ಲೆಗಳಿಂದ ಸರ್ಕಾರನಿಷ್ಠ ಪ್ರಾಟೆಸ್ಟಂಟರು 50 ಮಂದಿ ಕೊಯ್ಲಿಗೆಂದು ಹೊರಟು ಬಂದರು. ಅವರ ರಕ್ಷಣೆಗೆ ಸುಮಾರು ಸಾವಿರ ಸೈನಿಕರು ಮತ್ತು ಪೊಲೀಸರು! ನವೆಂಬರಿನ ಮಳೆ ಚಳಿಯಲ್ಲಿ ಡೇರೆ ಹೂಡಿ ಎರಡು ವಾರ ಗೆಡ್ಡೆ ಕಿತ್ತರು. ತೆಗೆದ ಬೆಳೆಯ ಬೆಲೆ ಹೆಚ್ಚೆಂದರೆ 500 ಪೌಂಡ್. ಸರ್ಕಾರಕ್ಕೂ ಬೆಂಬಲಿಗರಿಗೂ ತಗುಲಿದ ಖರ್ಚು ಸುಮಾರು 10,000 ಪೌಂಡ್ ಎಂದು ಅಂದಾಜು. ಸ್ಥಳೀಯ ಪಾದ್ರಿ ಜಾನ್ ಓ’ಮ್ಯಾಲಿ ಜನರಿಗೆ ರಸ್ತೆಗಿಳಿಯಬೇಡಿ, ಗಲಾಟೆಗೆ ಅವಕಾಶ ಕೊಡಬೇಡಿ ಎಂದು ಹೇಳಿದ್ದರಿಂದ ಸೈನ್ಯಕ್ಕೆ ಎದುರಾಳಿಯೇ ಸಿಗಲಿಲ್ಲ. ನವೆಂಬರ್ 27ರಂದು ಬಾಯ್ಕಾಟ್ ಕುಟುಂಬ ಊರು ಬಿಟ್ಟಿತು. ಗಾಡಿ ಹೊಡೆಯಲು ಊರಿನವರು ಯಾರೂ ಬಾರದೆ ಸೈನ್ಯದ ಆಂಬುಲೆನ್ಸ್ ಬಂಡಿಯಲ್ಲಿಯೇ ಹೋಗಬೇಕಾಯಿತು. ಡಬ್ಲಿನ್ನಿನ ಹೋಟೆಲಿನವರೂ ಅವರನ್ನು ಹೆಚ್ಚು ದಿನ ಇಟ್ಟುಕೊಳ್ಳಲು ಹೆದರಿದರು. ಡಿಸೆಂಬರ್ 1ರಂದು ಅವರು ಇಂಗ್ಲೆಂಡಿನ ಹಡಗು ಹತ್ತಿದರು.

ಈ ಗದ್ದಲದ ನಡುವೆಯೇ ಹೆಸರು ಕ್ರಿಯಾಪದವಾಯಿತು. ಆಗ ಐರ್ಲೆಂಡಿನಲ್ಲಿದ್ದ ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ 1881ರ ತನ್ನ ಪುಸ್ತಕದಲ್ಲಿ ಆ ಪ್ರಸಂಗವನ್ನು ಹೇಳಿದ್ದಾನೆ. ಪಾದ್ರಿ ಓ’ಮ್ಯಾಲಿಯ ಜೊತೆ ಊಟಕ್ಕೆ ಕುಳಿತಿದ್ದಾಗ ಅವನು ಒಂದು ಪದಕ್ಕಾಗಿ ತಡಕಾಡುತ್ತಿದ್ದನಂತೆ. ಇಂಗ್ಲಿಷಿನಲ್ಲಿ ‘ಆಸ್ಟ್ರಸೈಜ್’ ಎಂಬ ಪದ ಇದ್ದೇ ಇತ್ತು. ಪ್ರಾಚೀನ ಅಥೆನ್ಸಿನಲ್ಲಿ ಪೌರರು ಮಡಕೆಯ ಚೂರುಗಳ ಮೇಲೆ ಹೆಸರು ಗೀಚಿ ಮತ ಹಾಕಿ, ಅಪಾಯಕಾರಿಯೆಂದು ಕಂಡ ಮುಖಂಡನನ್ನು ಹತ್ತು ವರ್ಷ ಊರಾಚೆ ಕಳಿಸುತ್ತಿದ್ದರು. ಗ್ರೀಕರ ಮಾತಿನಲ್ಲಿ ಮಡಕೆ ಚೂರಿಗೆ ‘ಆಸ್ಟ್ರಕಾನ್’. ಅದರಿಂದ ಆ ಪದ. ಆದರೆ ಮೇಯೊ ಜಿಲ್ಲೆಯ ರೈತನಿಗೆ ಗ್ರೀಕ್ ಪದ ಹೇಗೆ ತಿಳಿಯಬೇಕು? ಪಾದ್ರಿ ಸ್ವಲ್ಪ ಯೋಚಿಸಿ, ‘ಅವನನ್ನು ಬಾಯ್ಕಾಟ್ ಮಾಡುವುದು’ ಎಂದರೆ ಹೇಗೆ ಎಂದನಂತೆ. ರೆಡ್‌ಪಾತ್ ಅದನ್ನು ಅಕ್ಟೋಬರಿನಲ್ಲೇ ಅಮೆರಿಕದ ಪತ್ರಿಕೆಗೆ ಬರೆದ. ನವೆಂಬರ್ ಮುಗಿಯುವುದರೊಳಗೆ ‘ಟೈಮ್ಸ್’ ಕೂಡ ಆ ಪದ ಬಳಸಿತು. ಫ್ರೆಂಚ್, ಜರ್ಮನ್, ಡಚ್, ರಷ್ಯನ್, ಜಪಾನಿ ಭಾಷೆಗಳು ತಂತಮ್ಮ ಉಚ್ಚಾರಕ್ಕೆ ತಕ್ಕಂತೆ ತಿರುಗಿಸಿಕೊಂಡು ಇಂದಿಗೂ ಅದೇ ಹೆಸರನ್ನು ಬಳಸುತ್ತವೆ.

ಹೊಸ ಪದ ಇಷ್ಟು ಬೇಗ ಹರಡಿದ್ದಕ್ಕೆ ಕಾರಣ ಅದು ಹೇಳುವ ಕೆಲಸವೂ ಹೊಸ ರೂಪ ತಾಳಿದ್ದು. ಅಥೆನ್ಸಿನ ಕ್ರಮದಲ್ಲಿ ತಪ್ಪಿತಸ್ಥನನ್ನು ಹೊರಗೆ ಹಾಕುತ್ತಿದ್ದರು. ಲಾಕ್ ಮಾಸ್ಕ್‌ನಲ್ಲಿ ಯಾರೂ ಯಾರನ್ನೂ ಹೊರಹಾಕಲಿಲ್ಲ. ಹಾಗೆ ಹೊರಹಾಕುವ ಅಧಿಕಾರವೇ ಆ ಜನಕ್ಕೆ ಇರಲಿಲ್ಲ. ಅವರ ಬಳಿ ಇದ್ದದ್ದು ತಮ್ಮ ದುಡಿಮೆ, ತಮ್ಮ ಮಾತು, ತಮ್ಮ ವ್ಯಾಪಾರ. ಅದನ್ನು ಹಿಂತೆಗೆದುಕೊಂಡರು. ದೊಡ್ಡವನ ದೊಡ್ಡಸ್ತಿಕೆ ನಿಂತಿರುವುದು ಸಣ್ಣವರ ದಿನನಿತ್ಯದ ದುಡಿಮೆಯ ಮೇಲೆ ಎಂಬುದು ಆಗ ಎಲ್ಲರ ಕಣ್ಣಿಗೂ ಬಿತ್ತು. ಮರುವರ್ಷವೇ, 1881ರಲ್ಲಿ, ಬ್ರಿಟಿಷ್ ಸಂಸತ್ತು ನ್ಯಾಯವಾದ ಗೇಣಿ ಮತ್ತು ಹಿಡುವಳಿಯ ಭದ್ರತೆಗೆ ಅವಕಾಶ ಮಾಡಿಕೊಡುವ ಭೂ ಕಾಯ್ದೆ ತಂದಿತು.

ಈ ಅಸ್ತ್ರ ಭಾರತಕ್ಕೆ ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಲಾರ್ಡ್ ಕರ್ಜನ್ ಬಂಗಾಳವನ್ನು ಎರಡಾಗಿ ಒಡೆಯಲು ಹೊರಟಾಗ, 1905ರ ಜುಲೈ 13ರಂದು ಕೃಷ್ಣಕುಮಾರ ಮಿತ್ರರು ತಮ್ಮ ‘ಸಂಜೀವನಿ’ ಪತ್ರಿಕೆಯಲ್ಲಿ ಬ್ರಿಟಿಷ್ ಸರಕಿನ ಬಾಯ್ಕಾಟ್‌ಗೆ ಕರೆ ಕೊಟ್ಟರು. ಆಗಸ್ಟ್ 7ರಂದು ಕಲ್ಕತ್ತೆಯ ಟೌನ್‌ಹಾಲ್ ಸಭೆ ಅದನ್ನು ನಿರ್ಣಯವಾಗಿ ಅಂಗೀಕರಿಸಿತು. ಅದೇ ವರ್ಷ ಚೀನಾದಲ್ಲಿ ಅಮೆರಿಕದ ಸರಕನ್ನು ಕೊಳ್ಳದಿರುವ ಚಳವಳಿ ನಡೆದಿತ್ತು. ಬಂಗಾಳದಿಂದ ಅದು ದೇಶದ ಉಳಿದ ಭಾಗಗಳಿಗೆ ಹಬ್ಬಿತು. 1911ರಲ್ಲಿ ವಿಭಜನೆ ರದ್ದಾಯಿತು. 1920ರ ಅಸಹಕಾರ ಚಳವಳಿಯಲ್ಲಿ ಗಾಂಧೀಜಿ ಕೋರ್ಟು, ಶಾಲೆ, ಶಾಸನಸಭೆ, ವಿದೇಶಿ ಬಟ್ಟೆಗಳನ್ನೆಲ್ಲ ಇದರ ವ್ಯಾಪ್ತಿಗೆ ತಂದರು.

ಆದರೆ ಭಾರತೀಯ ಭಾಷೆಗಳಿಗೆ ಬಂದಾಗ ಈ ಪದಕ್ಕೆ ಒಂದು ವಿಚಿತ್ರ ಜೊತೆ ಸಿಕ್ಕಿತು. ಜನ ಅದಕ್ಕೆ ಆಯ್ದುಕೊಂಡ ಸಂಸ್ಕೃತ ಪದ ‘ಬಹಿಷ್ಕಾರ’. ‘ಬಹಿಸ್’ ಎಂದರೆ ಹೊರಗೆ. ಬಹಿಷ್ಕಾರವೆಂದರೆ ಹೊರಗೆ ಮಾಡುವುದು, ಹೊರಗೆ ಹಾಕುವುದು. ಅದು ಬ್ರಿಟಿಷರಿಗಿಂತ ಎಷ್ಟೋ ಹಿಂದಿನಿಂದ ಜಾತಿಯ ಕಟ್ಟಳೆಯ ಪದ. ಮಠವೋ ಕುಲದ ಪಂಚಾಯಿತಿಯೋ ತಪ್ಪಿತಸ್ಥರೆಂದು ಕಂಡವರಿಗೆ ಕೊಡುತ್ತಿದ್ದ ಶಿಕ್ಷೆ. ಹಳ್ಳಿಯ ಮಾತಿನಲ್ಲಿ ‘ಕುಲದಿಂದ ಹೊರಗೆ ಹಾಕುವುದು’, ‘ನೀರು ಬೆಂಕಿ ಕೊಡದಿರುವುದು’. ಉತ್ತರದವರ ಮಾತಿನಲ್ಲಿ ‘ಹುಕ್ಕಾ ಪಾನಿ ಬಂದ್’. ಬದುಕಿರುವವಳಿಗೇ ಶ್ರಾದ್ಧ ಮಾಡಿ ಸಮಾಜದಿಂದ ಕಿತ್ತೊಗೆಯುವ ಕ್ರಮ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಓದಿದವರು, ಅದನ್ನು ಆಧರಿಸಿ 1977ರಲ್ಲಿ ಗಿರೀಶ ಕಾಸರವಳ್ಳಿ ತೆಗೆದ ಚಿತ್ರವನ್ನು ನೋಡಿದವರು ಬಲ್ಲರು.

ಹೀಗೆ ದುರ್ಬಲರ ಹೊಸ ಅಸ್ತ್ರಕ್ಕೂ ಬಲಿಷ್ಠರ ಹಳೆಯ ಶಿಕ್ಷೆಗೂ ಒಂದೇ ಹೆಸರಾಯಿತು. ಆದರೂ ಕನ್ನಡದ ನುಡಿಗಟ್ಟು ಎರಡರ ನಡುವಿನ ಗೆರೆಯನ್ನು ಪೂರ್ತಿ ಅಳಿಸಿಲ್ಲ. ಮತದಾನವನ್ನು, ತರಗತಿಯನ್ನು, ಕೋರ್ಟ್ ಕಲಾಪವನ್ನು ಜನ ‘ಬಹಿಷ್ಕರಿಸುತ್ತಾರೆ’. ಒಂದು ಕುಟುಂಬಕ್ಕಾದರೆ ಬಹಿಷ್ಕಾರ ‘ಹಾಕುತ್ತಾರೆ’, ದಂಡ ಹಾಕಿದ ಹಾಗೆ. ಮೊದಲನೆಯದರಲ್ಲಿ ತಾನು ಹಿಂದೆ ಸರಿಯುವ ನಿರ್ಧಾರವಿದೆ. ಎರಡನೆಯದರಲ್ಲಿ ಮೇಲಿನಿಂದ ಬೀಳುವ ಏಟಿದೆ.

ಈ ಗೆರೆ ಎಲ್ಲಿ ಅಳಿಯುತ್ತದೆ ಎಂಬುದನ್ನು ಕಂಡವರಲ್ಲಿ ರವೀಂದ್ರನಾಥ ಠಾಕೂರರು ಒಬ್ಬರು. 1905ರ ಚಳವಳಿಯಲ್ಲಿ ಮುಂದೆ ನಿಂತಿದ್ದ ಅವರೇ 1916ರ ‘ಘರೇ ಬಾಯಿರೆ’ ಕಾದಂಬರಿಯಲ್ಲಿ, ಅಗ್ಗದ ವಿದೇಶಿ ಸರಕು ಮಾರಿ ಹೊಟ್ಟೆ ಹೊರೆಯುವ ಬಡವನ ಮೇಲೆ ಬಹಿಷ್ಕಾರವನ್ನು ಬಲವಂತವಾಗಿ ಹೇರಿದಾಗ ಏನಾಗುತ್ತದೆ ಎಂಬುದನ್ನು ತೋರಿಸಿದರು. ಗಾಂಧೀಜಿಯೂ ಅಸಹಕಾರದ ದಿನಗಳಲ್ಲಿ, ಎದುರಾಳಿಗೆ ವೈದ್ಯರ ನೆರವಿನಂಥ ಅಗತ್ಯಗಳನ್ನು ತಪ್ಪಿಸುವುದು ಹಿಂಸೆಯೇ ಎಂದು ಎಚ್ಚರಿಸಿದ್ದರು.

ಆದರೆ ಇದನ್ನು ಎಲ್ಲರಿಗಿಂತ ನಿಖರವಾಗಿ ಹೇಳಿದವರು ಡಾ. ಬಿ.ಆರ್. ಅಂಬೇಡ್ಕರ್. 1924ರಲ್ಲಿ ಅವರು ಕಟ್ಟಿದ ಸಂಸ್ಥೆಯ ಹೆಸರು ‘ಬಹಿಷ್ಕೃತ ಹಿತಕಾರಿಣಿ ಸಭಾ’. 1927ರಲ್ಲಿ ಆರಂಭಿಸಿದ ಪತ್ರಿಕೆ ‘ಬಹಿಷ್ಕೃತ ಭಾರತ’. ದೇಶದ ಉಳಿದವರಿಗೆ ಬಹಿಷ್ಕಾರವೆಂದರೆ ತಾವು ಮಾಡುವ ಕೆಲಸವಾಗಿದ್ದಾಗ, ಅಂಬೇಡ್ಕರರ ಜನರಿಗೆ ಅದು ತಮ್ಮ ಮೇಲೆ ಹುಟ್ಟಿನಿಂದಲೇ ನಡೆದದ್ದು. 1928ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಸ್ಟಾರ್ಟ್ ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ಪ್ರಾಂತದಲ್ಲಿಯೇ ಇದ್ದವು. ಆ ವರದಿ ಕಂಡದ್ದು ಇದು: ಪ್ರಾಂತದ ಹೆಚ್ಚಿನ ಹಳ್ಳಿಗಳಲ್ಲಿ ಅಸ್ಪೃಶ್ಯರಿಗೆ ಸ್ವಂತ ಆಧಾರವಿಲ್ಲ. ಮೇಲಿನವರ ಜಮೀನಿನಲ್ಲಿ ಗೇಣಿ, ಇಲ್ಲವೇ ಕೂಲಿ, ಇಲ್ಲವೇ ಊರ ಚಾಕರಿಗೆ ಸಿಗುವ ಕಾಳು. ಅವರು ಸಾರ್ವಜನಿಕ ಬಾವಿಗೆ ಹೋದರೆ, ಒಳ್ಳೆಯ ಬಟ್ಟೆ ತೊಟ್ಟರೆ, ಮದುವೆಯ ಗಂಡನ್ನು ಕುದುರೆಯ ಮೇಲೆ ಬೀದಿಯಲ್ಲಿ ಕರೆದೊಯ್ದರೆ ಸಾಕು, ಜಮೀನು ಬಿಡಿಸುತ್ತಾರೆ, ಕೂಲಿ ನಿಲ್ಲಿಸುತ್ತಾರೆ, ಹಾದಿ ಮುಚ್ಚುತ್ತಾರೆ. ದಿನಸಿ ಮಾರಬೇಡವೆಂದು ಅಂಗಡಿಯವನಿಗೆ ಹೇಳುತ್ತಾರೆ.

ಈ ಪಟ್ಟಿಯನ್ನು ಲಾಕ್ ಮಾಸ್ಕ್‌ನ ಪಟ್ಟಿಯ ಪಕ್ಕದಲ್ಲಿಟ್ಟರೆ ಅಂಗಡಿ, ಕೂಲಿ, ಹಾದಿ ಎಲ್ಲ ಅವೇ. ತಿರುಗಿದ್ದು ದಿಕ್ಕು ಮಾತ್ರ. ಅಲ್ಲಿ ಒಕ್ಕಲೆಬ್ಬಿಸಲು ಬಂದವನ ವಿರುದ್ಧ ಒಕ್ಕಲುಗಳು ಬಳಸಿದ್ದನ್ನು ಇಲ್ಲಿ ಒಕ್ಕಲೆಬ್ಬಿಸುವವರೇ ಬಳಸಿದರು.

1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಹೋದಾಗ ಅಂಬೇಡ್ಕರ್ ಮತ್ತು ಆರ್. ಶ್ರೀನಿವಾಸನ್ ಸಲ್ಲಿಸಿದ ಮನವಿಯಲ್ಲಿ, ಬಹಿಷ್ಕಾರ ಹಾಕುವುದನ್ನು ಅಪರಾಧವಾಗಿಸಬೇಕೆಂಬ ಬೇಡಿಕೆಯಿತ್ತು. ಬಹಿಷ್ಕಾರವೆಂದರೆ ಏನೆಂಬ ವಿವರಣೆಯನ್ನು ಅವರು ತೆಗೆದುಕೊಂಡದ್ದು ಬ್ರಿಟಿಷರು 1922ರಲ್ಲಿ ಬರ್ಮಾದಲ್ಲಿ ಜಾರಿಗೆ ತಂದ ಬಾಯ್ಕಾಟ್ ವಿರೋಧಿ ಕಾಯ್ದೆಯಿಂದ. ವಸಾಹತು ಸರ್ಕಾರ ತನ್ನ ಅನುಕೂಲಕ್ಕೆ ಮಾಡಿಕೊಂಡ ಕಾನೂನಿನ ಮಾತುಗಳನ್ನು ಅಂಬೇಡ್ಕರ್ ಊರಾಚೆಯ ಕೇರಿಯ ರಕ್ಷಣೆಗೆ ತಿರುಗಿಸಿದರು. ಸ್ವತಂತ್ರ ಭಾರತದಲ್ಲಿ 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಯಲ್ಲಿ ಅದನ್ನು ಹೋಲುವ ವಿವರಣೆ ಸೇರಿತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದನ್ನೂ, ಹಾಕುತ್ತೇವೆಂದು ಬೆದರಿಸುವುದನ್ನೂ ಸ್ಪಷ್ಟವಾಗಿ ಅಪರಾಧಗಳ ಸಾಲಿಗೆ ಸೇರಿಸಿತು. ಜಾತಿ ಪಂಚಾಯಿತಿಗಳ ಬಹಿಷ್ಕಾರವನ್ನೇ ಗುರಿಯಾಗಿಸಿ ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ.

ಹಾಗಾದರೆ ಒಂದು ಬಹಿಷ್ಕಾರ ನ್ಯಾಯವೋ ಅನ್ಯಾಯವೋ ಎಂದು ತಿಳಿಯುವುದು ಹೇಗೆ? ಪದ ಅದನ್ನು ಹೇಳುವುದಿಲ್ಲ. ಅಮೆರಿಕದ ಮಾಂಟ್‌ಗಮರಿ ನಗರದಲ್ಲಿ 1955ರ ಡಿಸೆಂಬರಿನಿಂದ 381 ದಿನ ಬಸ್ ಹತ್ತದೆ ಕಾಲ್ನಡಿಗೆಯಲ್ಲೇ ಕೆಲಸಕ್ಕೆ ಹೋದ ಕಪ್ಪು ಜನರದು ಬಾಯ್ಕಾಟ್. ಬಾವಿಯ ನೀರು ಕೇಳಿದ್ದಕ್ಕೆ ಕೂಲಿ ತಪ್ಪಿಸುವುದೂ ಬಾಯ್ಕಾಟ್. ಕಷ್ಟ ಹೊರುವವರು ಯಾರು ಎಂದು ನೋಡಿದರೆ ಸ್ವಲ್ಪ ದಾರಿ ಕಾಣುತ್ತದೆ. ಮಾಂಟ್‌ಗಮರಿಯಲ್ಲಿ ನಡೆದು ದಣಿದವರು ಬಹಿಷ್ಕರಿಸಿದವರೇ. ಲಾಕ್ ಮಾಸ್ಕ್‌ನಲ್ಲೂ ಕೂಲಿ ಬಿಟ್ಟ ಆಳು ತನ್ನ ಅನ್ನವನ್ನೇ ಪಣಕ್ಕಿಟ್ಟಿದ್ದ. ಊರಿನವರು ಒಂದು ಬಡ ಮನೆಗೆ ಬಹಿಷ್ಕಾರ ಹಾಕುವಾಗ ಹಾಕಿದವರು ಕಳೆದುಕೊಳ್ಳುವುದು ಏನೂ ಇಲ್ಲ. ಎನಿಸ್ ಸಭೆಯಲ್ಲಿ ಪಾರ್ನೆಲ್ ಹೇಳಿದ ಕುಷ್ಠರೋಗಿಯ ಹೋಲಿಕೆ ಈ ಅಸ್ತ್ರದ ಎರಡೂ ಅಲಗನ್ನು ಮೊದಲ ದಿನವೇ ತೋರಿಸಿತ್ತು.

ಕ್ಯಾಪ್ಟನ್ ಬಾಯ್ಕಾಟ್‌ನ ಮುಂದಿನ ಬದುಕು ಅಷ್ಟೇನೂ ಕಷ್ಟದ್ದಾಗಲಿಲ್ಲ. 1886ರಲ್ಲಿ ಅವನಿಗೆ ಇಂಗ್ಲೆಂಡಿನ ಸಫೋಕ್‌ನಲ್ಲಿ ಇನ್ನೊಂದು ಜಮೀನಿನ ಪಾರುಪತ್ಯ ಸಿಕ್ಕಿತು. ತನ್ನ ಹೆಸರು ನಿಘಂಟು ಸೇರುವ ಪದವಾಗಿ ಬೆಳೆಯುವುದನ್ನು ಕಣ್ಣಾರೆ ಕಂಡು 1897ರಲ್ಲಿ ಅಲ್ಲಿಯೇ ತೀರಿಕೊಂಡ. ನಡುವೆ ರಜೆ ಕಳೆಯಲು ಐರ್ಲೆಂಡಿಗೂ ಹೋಗಿಬರುತ್ತಿದ್ದ. ಊರೇ ಕೈಬಿಟ್ಟರೂ ಅವನಿಗೆ ಹೋಗಲು ಇನ್ನೊಂದು ಊರಿತ್ತು, ದೇಶವಿತ್ತು, ಕಾಯಲು ಸೈನ್ಯವಿತ್ತು, ಪತ್ರ ಅಚ್ಚುಹಾಕಲು ಪತ್ರಿಕೆಯಿತ್ತು. ಅವನ ಹೆಸರಿನ ಶಿಕ್ಷೆಗೆ ಗುರಿಯಾಗಿ ಹಿಟ್ಟಿನ ಗಿರಣಿಯ ಬಾಗಿಲಿನಿಂದ ಹಿಂದಿರುಗುವ ಕೂಲಿಯ ಹೆಣ್ಣುಮಗಳಿಗೆ ಇವುಗಳಲ್ಲಿ ಒಂದೂ ಇಲ್ಲ. ಅವಳ ಪಾಲಿಗೆ ಇರುವುದು ಕಾನೂನು ಒಂದೇ; ಅದೂ ಪೊಲೀಸ್ ಠಾಣೆಯಲ್ಲಿ ಅವಳ ದೂರನ್ನು ಬರೆದುಕೊಂಡರೆ ಮಾತ್ರ.